ಮಾರ್ಕರ್ ಮಗಳ ಆಟ

ಕಳೆದ ತಿಂಗಳು ತೀರ್ಥಹಳ್ಳಿಯಿಂದ ಸಾಗರಕ್ಕೆ ಹೋಗುತ್ತಿದ್ದಾಗ ಹೊಸನಗರದ ಹತ್ತಿರ ಬಸ್ಸಿನ ಟೈರು ಉಸಿರುಬಿಟ್ಟಿತು. ಸ್ಟೆಪ್ನಿಯ ಸ್ಥಿತಿಯೂ ಹೇಳಿಕೊಳ್ಳುವಂತಿರಲಿಲ್ಲ. ಡ್ರೈವರು ಬಸ್ಸನ್ನು ಕುಂಟಿಸುತ್ತ ತಂದು ಪಂಕ್ಚರ್ ಅಂಗಡಿಯೊಂದರ ಮುಂದೆ ನಿಲ್ಲಿಸಿದ. ನಾನು ಇಳಿದು, ಡ್ರೈವರನ ಬೈಗುಳ, ಕಂಡಕ್ಟರನ ಸಮಾಧಾನ, ಅಂಗಡಿಯವನ ಉಡಾಫೆ ಮೂರನ್ನೂ ಮನಸ್ಸಿನಲ್ಲೇ ಅಭ್ಯಾಸ ಮಾಡುತ್ತ ನಿಂತೆ. ನನಗೆ ಬರುವುದು ಇದೊಂದೇ ವಿದ್ಯೆ. ಎದುರು ಬಂದವರ ಧ್ವನಿಯನ್ನು ಕದ್ದು ಗಂಟಲಲ್ಲಿ ಬಚ್ಚಿಟ್ಟುಕೊಳ್ಳುವುದು. ಅಂಗಡಿಯವನು ಟ್ಯೂಬಿಗೆ ತೇಪೆ ಇಟ್ಟು ಬಿಸಿ ಅಚ್ಚಿನ ಕೆಳಗೆ ಒತ್ತಿದ. ಸುಟ್ಟೂ ಸುಡದ ರಬ್ಬರಿನ ವಾಸನೆ ಎದ್ದಿತು. ಗಂಟಲಲ್ಲಿದ್ದ ಮೂರು ಧ್ವನಿಗಳೂ ಅಲ್ಲೇ ಅಡಗಿಹೋದವು...

ಅವಳ ಅಂಗೈಗೆ ಯಾವಾಗಲೂ ಇದೇ ವಾಸನೆ ಇರುತ್ತಿತ್ತು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಹೊಸನಗರ ತಾಲ್ಲೂಕಿನ ಕಾಡಿನ ನಡುವೆ ಅಣೆಕಟ್ಟಿನ ಕೆಲಸಕ್ಕೆಂದು ಎದ್ದಿದ್ದ ಕಾಲೋನಿಯಲ್ಲಿ ನಾನು ಟೆಲಿಫೋನ್ ಆಪರೇಟರ್ ಆಗಿದ್ದೆ. ವಯಸ್ಸು ಹತ್ತೊಂಬತ್ತು. ಎಸ್ಸೆಸ್ಸೆಲ್ಸಿಯನ್ನು ಎರಡು ಸಲ ಬರೆದಿದ್ದೆ. ವಿಷಯ ಅಷ್ಟು ಇಷ್ಟವಾಗಿತ್ತು ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದೆ. ಕಾಲೋನಿಯಲ್ಲಿ ಅಧಿಕಾರಿಗಳಿಗೊಂದು ಕ್ಲಬ್ಬು, ಕ್ಲಬ್ಬಿನ ಹಿಂದೆ ಕಿಟಕಿಗಳಿಲ್ಲದ ಎತ್ತರದ ಒಂದು ಕೋಣೆ. ಅದೇ ಸ್ಕ್ವಾಷ್ ಕೋರ್ಟು. ಇಬ್ಬರು ಒಳಗೆ ಹೋಗಿ ಬಾಗಿಲು ಹಾಕಿಕೊಂಡು, ಒಂದು ಸಣ್ಣ ಕಪ್ಪು ಚೆಂಡನ್ನು ಸರದಿಯ ಮೇಲೆ ಗೋಡೆಗೆ ಹೊಡೆಯುವ ಆಟ. ದೊಡ್ಡ ಇಂಜಿನಿಯರ್ ಸಾಹೇಬರು ಎಲ್ಲೋ ಓದುವಾಗ ಈ ಆಟ ಕಲಿತಿದ್ದರಂತೆ. ಕೆಲಸದವರು ಮಾತ್ರ, ಇಷ್ಟು ದೊಡ್ಡ ಅಣೆಕಟ್ಟಿನ ಗೋಡೆ ಇರುವಾಗ ಹೊಡೆಯುವುದಕ್ಕೆ ಇನ್ನೊಂದು ಗೋಡೆ ಯಾಕೆ ಎಂದು ಕೇಳುತ್ತಿದ್ದರು.

ಆ ಕೋರ್ಟನ್ನು ನೋಡಿಕೊಳ್ಳಲು, ಜೊತೆಗಾರ ಸಿಗದ ಸಾಹೇಬರ ಜೊತೆ ಆಡಲು, ಮೇಲಿನ ಗ್ಯಾಲರಿಯಲ್ಲಿ ನಿಂತು ಅಂಕ ಕೂಗಲು ಸಂಬಳದ ಮೇಲೆ ಇದ್ದವರು ಮಾರ್ಕರ್. ಕಾಲೋನಿಗೆಲ್ಲ ಅವರು ಮಾರ್ಕರಣ್ಣ. ಅರಳಸುರಳಿ ಕಡೆಯವರು. ಚಿಕ್ಕಂದಿನಲ್ಲಿ ಮನೆಬಿಟ್ಟು ಬೆಂಗಳೂರು ಸೇರಿ, ದೊಡ್ಡ ಕ್ಲಬ್ಬೊಂದರಲ್ಲಿ ಚೆಂಡು ಹೆಕ್ಕುತ್ತ ಆಟ ಕಲಿತವರು. ಹೆಂಡತಿ ತೀರಿಕೊಂಡಿದ್ದರು. ಮಗಳು ಒಬ್ಬಳೇ, ನನ್ನದೇ ವಯಸ್ಸು.

ಮೊದಲ ಸಲ ಅವಳ ಆಟ ನೋಡಿದ್ದು ನಗಲಿಕ್ಕೆಂದೇ ಹೋದಾಗ. ಅಪ್ಪನ ಹಳೇ ಬಿಳಿ ಪ್ಯಾಂಟನ್ನು ಮೊಣಕಾಲಿಗೆ ಕತ್ತರಿಸಿ ಹೊಲಿದ ಚಡ್ಡಿ, ತಲೆಗೆ ಬಿಗಿಯಾಗಿ ಸುತ್ತಿದ ಎರಡು ಜಡೆ. ಎದುರಿಗೆ ಹೊಸದಾಗಿ ಬಂದಿದ್ದ ಒಬ್ಬ ಇಂಜಿನಿಯರು. ಹತ್ತು ನಿಮಿಷದಲ್ಲಿ ಆತ ಬಾಯಿಬಿಟ್ಟು ಏದುಸಿರು ಬಿಡುತ್ತಿದ್ದ. ಇವಳು ಕೋರ್ಟಿನ ನಡುವೆ ಎರಡು ಹೆಜ್ಜೆ ಆಚೆ, ಎರಡು ಹೆಜ್ಜೆ ಈಚೆ, ಅಷ್ಟೇ. ನಮ್ಮ ಮಳೆಗೆ ಆ ಗೋಡೆಗಳು ಬೆವರುತ್ತಿದ್ದವು. ಆ ಚೆಂಡಿನ ಸ್ವಭಾವವೋ, ತಣ್ಣಗಿದ್ದರೆ ಸತ್ತ ಕಪ್ಪೆಯ ಹಾಗೆ ಬಿದ್ದಲ್ಲೇ ಬಿದ್ದಿರುತ್ತದೆ. ಬಿಸಿಯಾದರೆ ಮಾತ್ರ ಪುಟಿಯುತ್ತದೆ. ಅದಕ್ಕೇ ಅವಳು ಆಟಕ್ಕೆ ಮುಂಚೆ ಅದನ್ನು ಕ್ಲಬ್ಬಿನ ಕಾಫಿ ಕೆಟ್ಲಿಗೆ ಒತ್ತಿ ಹಿಡಿದಿರುತ್ತಿದ್ದಳು. ಆಮೇಲೆ ಮುಷ್ಟಿಯಲ್ಲಿ ಉಜ್ಜುತ್ತ ಒಳಗೆ ಹೋಗುತ್ತಿದ್ದಳು. ಪುಟಿಯದ ಚೆಂಡಿನಲ್ಲೇ ಆಟ ಕಲಿತದ್ದರಿಂದ ಗೋಡೆಯ ಬುಡಕ್ಕೆ ಮೆತ್ತಗೆ ಇಳಿಸುವುದು ಅವಳಿಗೆ ಸಿದ್ಧಿಸಿತ್ತು. ಚೆಂಡು ಗೋಡೆಯನ್ನು ಮುಟ್ಟಿ, ದಣಿದವರು ಜಗಲಿಯಲ್ಲಿ ಕೂತ ಹಾಗೆ ಕೂತುಬಿಡುತ್ತಿತ್ತು. ಗ್ಯಾಲರಿಯಿಂದ ಮಾರ್ಕರಣ್ಣ ‘ಹ್ಯಾಂಡ್ ಔಟ್’ ಎಂದು ರಾಗವಾಗಿ ಕೂಗುತ್ತಿದ್ದರು. ಸರ್ವಿಸು ಎದುರಾಳಿಯ ಕೈತಪ್ಪಿತು ಎಂದು ಅರ್ಥ. ಆ ರಾಗವನ್ನು ನಾನು ಅವತ್ತೇ ಕದ್ದೆ.

ಸೋತ ಇಂಜಿನಿಯರು ಖುಷಿಯಲ್ಲೇ ಅವಳ ಕೈಗೆ ಒಂದು ನೋಟು ಇಟ್ಟು ಜೀಪು ಹತ್ತಿದ. ಮಾರ್ಕರಣ್ಣ ಗ್ಯಾಲರಿಯಿಂದ ದಡದಡ ಇಳಿದು, ನೋಟು ಕಿತ್ತುಕೊಂಡು ಜೀಪಿನ ಹಿಂದೆ ಗೇಟಿನವರೆಗೂ ಓಡಿ ಹಿಂದಿರುಗಿಸಿ ಬಂದರು. ನಾನು ಆ ಓಟವನ್ನೂ ಅನುಕರಿಸಿ ತೋರಿಸಿದೆ. ಅವರು ನಗಲಿಲ್ಲ.

“ನಗಾಡ್ಬ್ಯಾಡ ಮಾರಾಯ. ಆಡಿದ್ದಕ್ಕೆ ಒಂದು ಕಾಸು ಮುಟ್ಟಿದ್ರೂ ಇವ್ಳು ಪ್ರೊಫೆಷನಲ್ ಅಂತ ಆಗ್ತಾಳೆ. ಆಮೇಲೆ ಯಾವ ಟೂರ್ನಮೆಂಟಿಗೂ ಸೇರ್ಸಲ್ಲ. ನಂಗಾಗಿದ್ದೇ ಅದು. ಹದಿನಾಲ್ಕನೇ ವರ್ಷಕ್ಕೆ ಸಂಬ್ಳ ತಗಂಡೆ, ಅಲ್ಲಿಗೇ ಮುಗೀತು. ನಾನು ಸೋಲ್ಸಿದವರೆಲ್ಲ ಕಪ್ ತಗಂಡ್ರು, ನಾನು ಅವರ ಟವೆಲ್ ಒಣಗ್ಸಿದೆ.”

ಆಗಿನ ಕಾಯಿದೆಯೇ ಹಾಗಿತ್ತು. ಹಣಕ್ಕೆ ಆಡುವವರು ಬೇರೆ, ಹವ್ಯಾಸಕ್ಕೆ ಆಡುವವರು ಬೇರೆ. ಮೊದಲಿನವರಿಗೆ ಪಂದ್ಯದ ಬಾಗಿಲು ಮುಚ್ಚಿತ್ತು. ಮಂಡಿನೋವು ಹೆಚ್ಚಾದ ದಿನ ಮಾರ್ಕರಣ್ಣನ ಬದಲು ಮಗಳೇ ಸಾಹೇಬರ ಜೊತೆ ಆಡುತ್ತಿದ್ದಳು. ಆದರೆ ಒಂದು ಬಿಸ್ಕತ್ತನ್ನೂ ತೆಗೆದುಕೊಳ್ಳುವಂತಿರಲಿಲ್ಲ. ಕಾಫಿ ಕೊಟ್ಟರೆ ಅದನ್ನು ಚೆಂಡು ಬಿಸಿಮಾಡಲಿಕ್ಕೆ ಬಳಸುತ್ತಿದ್ದಳೇ ಹೊರತು ಕುಡಿಯುತ್ತಿರಲಿಲ್ಲ ಎಂದು ನಾನು ಕತೆ ಕಟ್ಟಿದ್ದೆ. ಅದರಲ್ಲಿ ಅರ್ಧ ನಿಜ.

ಬೆಂಗಳೂರಿನಲ್ಲಿ ರಾಜ್ಯಮಟ್ಟದ ಪಂದ್ಯ ಎಂದಾಯಿತು. ಮಾರ್ಕರಣ್ಣ ಅವಳನ್ನು ಎರಡು ಭಾನುವಾರ ಕವಲೇದುರ್ಗಕ್ಕೆ ಕರೆದುಕೊಂಡು ಹೋಗಿ ಕೋಟೆಯ ಮೆಟ್ಟಿಲು ಹತ್ತಿಸಿ ಇಳಿಸಿದರು. ನಾನೂ ಹೋಗಿದ್ದೆ. ಮೊದಲ ಬಾಗಿಲಿನಲ್ಲೇ ಕೂತು, ಅವಳು ಹತ್ತುವುದಕ್ಕೆ ರೇಡಿಯೋ ಕಾಮೆಂಟರಿ ಕೊಟ್ಟೆ. “ಈಗ ಮಾರ್ಕರ್ ಮಗಳು ಏಳನೇ ಸಲ ಇಳಿಯುತ್ತಿದ್ದಾರೆ, ವೀಕ್ಷಕ ವಿವರಣೆಗಾರರ ಹೊಟ್ಟೆ ಹಸಿಯುತ್ತಿದೆ.” ಅವಳು ಇಳಿದು ಬಂದವಳೇ ನನ್ನ ಬುತ್ತಿಯನ್ನೇ ತಿಂದುಬಿಟ್ಟಳು. ಅಂಗೈಯ ರಬ್ಬರಿನ ವಾಸನೆ ಚಿತ್ರಾನ್ನಕ್ಕೂ ಹತ್ತಿತ್ತು...

ದೊಡ್ಡ ಸಾಹೇಬರ ಹೆಂಡತಿ ತಮ್ಮ ಕಾರಿನಲ್ಲೇ ಅವಳನ್ನು ಬೆಂಗಳೂರಿಗೆ ಕರೆದೊಯ್ದರು. ಅವಳು ಫೈನಲ್ಲಿನವರೆಗೂ ಗೆದ್ದು, ಫೈನಲ್ಲಿನಲ್ಲಿ ಸೋತು ಬಂದಳು. ಅಲ್ಲಿಯ ಒಣ ಕೋರ್ಟಿನಲ್ಲಿ ಚೆಂಡು ಹುಚ್ಚು ಕರುವಿನ ಹಾಗೆ ಹಾರುತ್ತಿತ್ತಂತೆ. “ಇನ್ನೊಂದು ವಾರ ಸಿಕ್ಕಿದ್ರೆ ಅದ್ನೂ ಪಳಗಿಸ್ತಿದ್ದೆ” ಅಂದಳು. ವಾರದ ನಂತರ ಸಾಹೇಬರಿಗೆ ಟ್ರಂಕ್ ಕಾಲ್ ಬಂತು. ಬೋರ್ಡಿನಲ್ಲಿ ವೈರು ಚುಚ್ಚಿ ಲೈನು ಕೊಟ್ಟವನು ನಾನೇ. ಮಾತಾಡಿದವರು ಬೆಂಗಳೂರಿನ ಆಟದ ಸಂಘದ ಸೆಕ್ರೆಟರಿ. ಬೊಂಬಾಯಿಯಲ್ಲಿ ನಡೆಯುವ ರಾಷ್ಟ್ರಮಟ್ಟದ ಪಂದ್ಯಕ್ಕೆ ರಾಜ್ಯದ ತಂಡದಲ್ಲಿ ಅವಳ ಹೆಸರಿದೆ ಎಂದರು. ಮೂಗಿನಲ್ಲೇ ಹುಟ್ಟಿ ಮೂಗಿನಲ್ಲೇ ಮುಗಿಯುವ ಧ್ವನಿ. ಪ್ರತಿ ಮಾತಿಗೂ ಮುಂದೆ ಒಂದು ‘ನೋಡಿ’. ನನ್ನಂಥವನಿಗೆ ಅದು ದಾರಿಯಲ್ಲಿ ಬಿದ್ದ ಚಿನ್ನ.

ಮಾರನೇ ದಿನವೇ ಕ್ಲಬ್ಬಿಗೆ ಫೋನು ಮಾಡಿದೆ. “ನೋಡಿ, ಸೆಕ್ರೆಟರಿ ಮಾತಾಡ್ತಿರೋದು. ನೋಡಿ, ನಿಮ್ಮ ಕೋರ್ಟಿನ ಅಳತೆ ಸರಿಯಾಗಿದೆಯೋ ಇಲ್ಲವೋ ಈಗಲೇ ಹೇಳ್ಬೇಕು.” ಮಾರ್ಕರಣ್ಣ ಬಾವಿಹಗ್ಗ ತಂದು, ಮಂಡಿ ನೋಯಿಸಿಕೊಂಡು ಕೋರ್ಟು ಅಳೆದು, ಓಡಿ ಬಂದು ಫೋನಿನ ಮುಂದೆ ಅಟೆನ್ಷನ್ನಿನಲ್ಲಿ ನಿಂತು ವರದಿ ಒಪ್ಪಿಸಿದರು. ನಾನು ‘ಹ್ಯಾಂಡ್ ಔಟ್’ ಎಂದು ಅವರದೇ ರಾಗದಲ್ಲಿ ಕೂಗಿ ಇಟ್ಟುಬಿಟ್ಟೆ. ಕಾಲೋನಿಯೆಲ್ಲ ಒಂದು ವಾರ ನಕ್ಕಿತು. ಎರಡನೇ ಸಲ, ಚೆಂಡಿಗೆ ದಿನಕ್ಕೆ ಎಷ್ಟು ಸಲ ತುಪ್ಪ ಸವರುತ್ತೀರಿ ಎಂದು ಕೇಳಿದಾಗ ಅರ್ಧದಲ್ಲೇ ಸಿಕ್ಕಿಬಿದ್ದೆ. ನಗು ತಡೆಯಲಾಗಿರಲಿಲ್ಲ. ನಕ್ಕರೆ ನನ್ನ ನಿಜಸ್ವರೂಪ ಹೊರಗೆ ಬರುತ್ತಿತ್ತು. ನನ್ನ ನಗು ಮಾತ್ರ ಯಾರದೂ ಅಲ್ಲ, ನನ್ನದೇ.

“ಇನ್ನೊಂದ್ಸಲ ಆ ಸೆಕ್ರೆಟ್ರಿ ಫೋನ್ ಮಾಡ್ಲಿ, ಹೇಳ್ತೀನಿ ಅವ್ನಿಗೆ” ಎಂದು ಮಾರ್ಕರಣ್ಣ ಎಕ್ಸ್‌ಚೇಂಜಿನ ಬಾಗಿಲಿಗೇ ಬಂದು ಬೆದರಿಸಿ ಹೋದರು. ಹೋಗುವಾಗ ಅವರಿಗೂ ನಗು ಬಂದಿತ್ತು.

ಅವಳಿಗೆ ಮಾತ್ರ ಬರಲಿಲ್ಲ. ಸಂಜೆ ಬಂದು ಬೋರ್ಡಿನ ಪಕ್ಕ ನಿಂತಳು.

“ಅಪ್ಪಯ್ಯನ ಹತ್ರ ಆ ಧ್ವನಿ ತೆಗೀಬ್ಯಾಡ. ಬೇರೆ ಯಾರ್ದಾದ್ರೂ ಮಾಡು.”

“ಎಂತಕ್ಕೆ? ಚಂದ ಬರಲ್ವಾ?”

“ಚಂದ ಬರ್ತದೆ. ಅದ್ಕೇ ಹೇಳಿದ್ದು. ಅದು ನಂಗೆ ಬೇಕಾದ ಧ್ವನಿ ಮಾರಾಯ.”

ನಾನು ಅವಳ ಈ ಮಾತನ್ನೂ ಅವಳ ಧ್ವನಿಯಲ್ಲೇ ಅವಳಿಗೆ ಹಿಂದಿರುಗಿಸಿದೆ. “ಹೋಗಾ ಮಂಗ” ಎಂದು ಹೋದಳು.

ಹತ್ತು ದಿನ ಕಳೆದಿರಬೇಕು. ಮಧ್ಯಾಹ್ನ ಊಟದ ನಂತರದ ಮಂಪರು. ಬೆಂಗಳೂರಿನಿಂದ ಟ್ರಂಕ್ ಕಾಲ್, ಈ ಸಲ ನೇರ ಕ್ಲಬ್ಬಿಗೆ, ಮಾರ್ಕರಿಗೇ. ಅದೇ ಮೂಗು, ಅದೇ ‘ನೋಡಿ’. ನಾನು ಲೈನು ಕೊಟ್ಟು, “ಮಾರ್ಕರಣ್ಣ, ಬೆಂಗಳೂರು ಸೆಕ್ರೆಟರಿ, ಮಾತಾಡಿ” ಎಂದೆ. ಎರಡು ಸಲ ಸುಳ್ಳು ಹೇಳುವಾಗಲೂ ಇದೇ ಮಾತು ಹೇಳಿದ್ದೆ. ಆಪರೇಟರು ಲೈನಿನಿಂದ ಹೊರಗೆ ಬರಬೇಕು. ನಾನು ಬರಲಿಲ್ಲ. ಕೇಳುವ ಚಟ.

ಸೆಕ್ರೆಟರಿ ಹೇಳಿದ್ದಿಷ್ಟು: ಹುಡುಗಿ ಮಾರ್ಕರನ ಮಗಳು, ಸಂಬಳಕ್ಕೆ ಆಡುವವಳು ಎಂದು ಯಾರೋ ದೂರು ಕೊಟ್ಟಿದ್ದಾರೆ. ತಮಗೆ ನಂಬಿಕೆಯಿಲ್ಲ. ಆದರೂ ತಂದೆಯ ಬಾಯಿಂದಲೇ ಕೇಳಿ ಬರೆದುಕೊಳ್ಳಬೇಕು. ಸಂಜೆ ಸಭೆ ಇದೆ. “ನೋಡಿ, ನಿಮ್ಮ ಮಗಳು ಮೆಂಬರುಗಳ ಜೊತೆ ಆಡೋದಕ್ಕೆ ಏನಾದ್ರೂ ತಗೋತಾರಾ?”

ಆ ಕಡೆಯಿಂದ ಮಾರ್ಕರಣ್ಣ, ಎಳೆದು ಎಳೆದು, “ಯಾರು ಸ್ವಾಮಿ ಮಾತಾಡೋದು?” ಅಂದರು.

“ನೋಡಿ, ಸೆಕ್ರೆಟರಿ ಅಂತ ಹೇಳಿದ್ನಲ್ಲ.”

ನನಗೆ ಅರ್ಥವಾಯಿತು. ಅಸಲಿ ಸೆಕ್ರೆಟರಿಯನ್ನು ಅವರು ನಾನು ಎಂದುಕೊಂಡಿದ್ದಾರೆ. ನಿಜವನ್ನೇ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ಭಯವಾಗಲಿಲ್ಲ. ಹೆಮ್ಮೆಯಾಯಿತು. ಅಸಲಿಗೂ ನಕಲಿಗೂ ವ್ಯತ್ಯಾಸ ಗೊತ್ತಾಗದ ಹಾಗೆ ಮಾಡಿದ್ದೇನಲ್ಲ ಎಂದು. ನಕ್ಕುಬಿಟ್ಟೆ.

“ತಗೊಳ್ದೆ ಬಿಡ್ತಾಳಾ ಸ್ವಾಮಿ” ಎಂದರು ಮಾರ್ಕರಣ್ಣ. ಈಗ ಧ್ವನಿ ಗಟ್ಟಿಯಾಗಿತ್ತು, ಉತ್ಸಾಹದಲ್ಲಿತ್ತು. “ತಿಂಗ್ಳಾತು ಅಂದ್ರೆ ಎಣ್ಸಿ ಎಣ್ಸಿ ತಗೋತಾಳೆ. ಬಕ್ಷೀಸು ಬೇರೆ. ಅದ್ರಲ್ಲಿ ನಿಮ್ಗೊಂದು ಪಾಲು ಕಳಿಸ್ಬೇಕು ಅಂತ ಮಾಡಿದೀನಿ, ಬೆಲ್ಲದ ಜೊತೆ.”

“ಸರಿ, ಬರ್ಕೊಂಡಿದೀನಿ” ಎಂದಿತು ಆ ಮೂಗು. ಈ ಸಲ ‘ನೋಡಿ’ ಇರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಲೈನು ಕಡಿದಿತ್ತು.

ಕ್ಲಬ್ಬಿಗೆ ಓಡಿದೆ. ಮಾರ್ಕರಣ್ಣ ಗೆದ್ದವರ ಹಾಗೆ ಮೆಟ್ಟಿಲ ಮೇಲೆ ಕೂತಿದ್ದರು. “ಹ್ಯಾಂಗೆ? ಸಿಕ್ತಾ ಇವತ್ತು?” ಎಂದರು. ನನ್ನ ಮುಖ ನೋಡಿದರು. ಎಕ್ಸ್‌ಚೇಂಜು ಇರುವುದು ಕ್ಲಬ್ಬಿನಿಂದ ಎರಡು ಫರ್ಲಾಂಗು ದೂರ. ನಾನು ಏದುಸಿರು ಬಿಡುತ್ತ, ನಾನಲ್ಲ ಎಂದು ತಲೆಯಾಡಿಸಿದೆ. ಎಲ್ಲರ ಧ್ವನಿಯೂ ಇದ್ದ ಗಂಟಲಲ್ಲಿ ಒಂದೂ ಇರಲಿಲ್ಲ.

ತುರ್ತು ಕಾಲ್ ಬುಕ್ ಮಾಡಿದೆ. ಶಿವಮೊಗ್ಗದ ಆಚೆ ಎಲ್ಲೋ ಮರ ಬಿದ್ದು ಲೈನು ಕೆಟ್ಟಿತ್ತು. ಸಿಕ್ಕಿದ್ದು ಮರುದಿನ ಬೆಳಿಗ್ಗೆ. ದೊಡ್ಡ ಸಾಹೇಬರೇ ಮಾತಾಡಿ, ಒಬ್ಬ ಹುಡುಗ ಧ್ವನಿ ಅನುಕರಿಸುತ್ತಾನೆ, ಅವನೆಂದು ತಿಳಿದು ತಂದೆ ತಮಾಷೆಗೆ ಹಾಗೆ ಹೇಳಿದ್ದು ಎಂದು ವಿವರಿಸಿದರು. ಆಮೇಲೆ ಮಾರ್ಕರಣ್ಣ ಫೋನು ಹಿಡಿದರು. ಒಂದು ಬಿಸ್ಕತ್ತನ್ನೂ ಮುಟ್ಟಿಸಿಲ್ಲ ಸ್ವಾಮಿ ಎಂದು ಅಳುತ್ತ ಹೇಳಿದರು. ಸೆಕ್ರೆಟರಿ ಸಮಾಧಾನದಿಂದಲೇ ಕೇಳಿಸಿಕೊಂಡರು. “ನೋಡಿ, ನೀವೇ ಹೇಳ್ತಿದೀರಿ ಅಲ್ಲೊಬ್ಬ ಎಲ್ರ ಧ್ವನೀನೂ ತೆಗೀತಾನೆ ಅಂತ. ಈಗ ಅಳ್ತಾ ಇರೋದು ತಂದೆಯೋ ಆ ಹುಡುಗನೋ ನನಗೆ ಹೇಗೆ ಗೊತ್ತಾಗ್ಬೇಕು?” ಹೇಗಿದ್ದರೂ ಸಭೆ ಮುಗಿದಿತ್ತು. ಬೊಂಬಾಯಿಗೆ ಹೆಸರುಗಳು ಹೋಗಿದ್ದವು. ಅವಳ ಹೆಸರಿನ ಎದುರು ‘ಪ್ರೊಫೆಷನಲ್’ ಎಂದು ಬರೆದು ಗೆರೆ ಎಳೆದಿದ್ದರು.

ಅವಳು ಕೂಗಾಡಿದ್ದರೆ ಚೆನ್ನಾಗಿತ್ತು. “ಅಪ್ಪಯ್ಯ ಹಂಗಂದ್ರಾ?” ಎಂದು ಒಂದೇ ಸಲ ಕೇಳಿದಳು. ಆಮೇಲೆ ಕೋರ್ಟಿನ ಬಾಗಿಲು ಹಾಕಿಕೊಂಡಳು. ಹೊರಗೆ ನಾವಿಬ್ಬರೂ ಕೂತು ಗೋಡೆಗೆ ಬೀಳುವ ಚೆಂಡಿನ ಸದ್ದು ಕೇಳುತ್ತಿದ್ದೆವು. ಮೆತ್ತಗೆ ಇಳಿಸುವುದೇ ಇಲ್ಲ. ಬರೀ ಹೊಡೆತ...

ತಿಂಗಳ ಕೊನೆಗೆ ಕ್ಲಬ್ಬಿನ ಗುಮಾಸ್ತರ ಮುಂದೆ ಹೋಗಿ ನಿಂತಳು. “ನಂಗೂ ಸಂಬ್ಳ ಹಾಕಿ. ಬೆಂಗ್ಳೂರಿನವ್ರು ಬರ್ದಾಯ್ತಲ್ಲ, ಅದ್ನ ಸುಳ್ಳು ಮಾಡೋದು ಎಂತಕ್ಕೆ?” ಅವತ್ತು ರುಜು ಹಾಕಿ ಸಂಬಳ ತೆಗೆದುಕೊಂಡಳು. ಮಾರ್ಕರಣ್ಣ ಆ ದಿನ ಗ್ಯಾಲರಿ ಹತ್ತಲಿಲ್ಲ. ಎರಡು ವರ್ಷದ ನಂತರ, ಅದೇ ದೊಡ್ಡ ಸಾಹೇಬರ ಶಿಫಾರಸಿನ ಮೇಲೆ ಬೊಂಬಾಯಿಯ ಒಂದು ಕ್ಲಬ್ಬಿಗೆ ಹೋದಳು. ಪಂದ್ಯಕ್ಕೆಂದು ಹೋಗಬೇಕಾಗಿದ್ದ ಊರಿಗೆ ಮೆಂಬರುಗಳ ಹೆಂಡಿರು ಮಕ್ಕಳಿಗೆ ಆಟ ಕಲಿಸಲು ಹೋದಳು. ಬಸ್ಸು ಹತ್ತುವಾಗ ನಾನು ಕಂಡಕ್ಟರನ ಧ್ವನಿಯಲ್ಲಿ ಏನೋ ಹೇಳಿ ನಗಿಸಲು ನೋಡಿದೆ. ಅವಳೂ ನಗಲು ನೋಡಿದಳು.

ಆಮೇಲೆ ಕೆಲವೇ ವರ್ಷಗಳಲ್ಲಿ ಆ ಕಾಯಿದೆಯೇ ರದ್ದಾಯಿತಂತೆ. ಸಂಬಳದವರು, ಹವ್ಯಾಸದವರು ಎಲ್ಲರೂ ಒಟ್ಟಿಗೆ ಆಡಬಹುದಂತೆ. ಸಾಗರದ ಲೈಬ್ರರಿಯಲ್ಲಿ ಯಾವುದೋ ಪತ್ರಿಕೆಯ ಮೂಲೆಯಲ್ಲಿ ಓದಿದೆ. ಯಾರಿಗೂ ಹೇಳಲಿಲ್ಲ. ಪತ್ರಿಕೆ ಮಡಚಿಟ್ಟು ಊರಾಚೆಯ ವರದಮೂಲದವರೆಗೆ ನಡೆದುಕೊಂಡು ಹೋಗಿ ಬಂದೆ.

ಮಾರ್ಕರಣ್ಣ ತೀರಿಕೊಂಡಾಗ ಅವಳು ಬಂದಿದ್ದಳು. ಅಣೆಕಟ್ಟಿನ ಕೆಲಸ ಮುಗಿದು ಕಾಲೋನಿ ಅರ್ಧ ಖಾಲಿಯಾಗಿತ್ತು. ಅರಳಸುರಳಿಯಲ್ಲಿ ಕಾರ್ಯ ಮುಗಿಸಿ, ಅಪ್ಪನ ಸಾಮಾನು ತೆಗೆದುಕೊಂಡು ಹೋಗಲು ಕ್ಲಬ್ಬಿಗೆ ಬಂದಳು. ನಡೆಯುವಾಗ ಎಡಗಾಲು ಸ್ವಲ್ಪ ಎಳೆಯುತ್ತಿದ್ದಳು. “ಮಂಡಿ. ಮನೆತನದ ಆಸ್ತಿ” ಅಂದಳು. ಕೋರ್ಟಿನ ಒಂದು ಮೂಲೆಯಲ್ಲಿ ಹಳೇ ಕಡತಗಳನ್ನು ಪೇರಿಸಿದ್ದರು. ಉಳಿದ ಜಾಗದಲ್ಲಿ ಅವಳು ಸೀರೆ ಎತ್ತಿಕಟ್ಟಿ ನಿಂತು, ಬ್ಯಾಗಿನಿಂದ ಚೆಂಡು ತೆಗೆದು ಅಂಗೈಯಲ್ಲಿ ಉಜ್ಜತೊಡಗಿದಳು.

ಹೇಳಲೇಬೇಕಿತ್ತು. ಹೇಳಿದೆ. “ಅವತ್ತು ನಾನು ಲೈನಲ್ಲೇ ಇದ್ದೆ. ತಪ್ಪಿಸ್ಬೋದಿತ್ತು. ನಗ್ತಾ ಇದ್ದೆ.”

“ಗೊತ್ತು” ಎಂದಳು. ಚೆಂಡು ಉಜ್ಜುವುದನ್ನು ನಿಲ್ಲಿಸಲಿಲ್ಲ. “ಅಪ್ಪಯ್ಯಂಗೆ ಕೇಳಿಸಿತ್ತು. ಮೊದ್ಲು ಅವ್ರಿಗೂ ಅನುಮಾನ ಇತ್ತಂತೆ, ಇದು ನಿಜವಾದ ಸೆಕ್ರೆಟ್ರಿನೇ ಏನೋ ಅಂತ. ನಿನ್ನ ನಗು ಕೇಳಿದ್ಮೇಲೆ ನೀನೇ ಅಂತ ಗಟ್ಟಿಯಾಯ್ತಂತೆ. ಅವ್ನಿಗೆ ಹೇಳ್ಬ್ಯಾಡ, ಸಾಯೋತನಕ ಕೊರಗ್ತಾನೆ ಅಂದಿದ್ರು.”

ಅಷ್ಟು ವರ್ಷ ಮಾರ್ಕರಣ್ಣ ನನ್ನನ್ನು ನೋಡಿದಾಗಲೆಲ್ಲ, “ಬಾರಾ ಸೆಕ್ರೆಟ್ರಿ” ಎಂದೇ ಕರೆಯುತ್ತಿದ್ದರು. ಜೊತೆಗೆ ಕಾಫಿ ಕುಡಿಸಿದ್ದರು. ನನ್ನ ನಗುವಿನ ವಿಷಯ ಒಂದು ದಿನವೂ ಎತ್ತಿರಲಿಲ್ಲ...

“ಈಗ ಹೇಳಿದ್ಯಲ್ಲ ಮತ್ತೆ” ಎಂದೆ.

“ಅಪ್ಪಯ್ಯ ಇಲ್ವಲ್ಲ ಮತ್ತೆ” ಎಂದಳು. ಚೆಂಡನ್ನು ಮುಷ್ಟಿಯಲ್ಲಿ ಹಿಡಿದು, “ನಿನ್ನ ಹತ್ರ ಇದ್ದಾರೆ. ಒಂದ್ಸಲ ತೆಗಿ. ಮೇಲೆ ಹೋಗಿ ಕೂಗು.”

ಗ್ಯಾಲರಿ ಹತ್ತಿದೆ. ಅವರು ಕೈ ಊರುತ್ತಿದ್ದ ಕಡೆ ಮರದ ಕಟಕಟೆ ನುಣುಪಾಗಿತ್ತು. ಅಲ್ಲೇ ಕೈ ಊರಿ, ಅವರ ಹಾಗೆ ಒಮ್ಮೆ ಕೆಮ್ಮಿ, “ಲವ್ ಆಲ್, ಪ್ಲೇ” ಎಂದೆ. ಸೊನ್ನೆಗೆ ಸೊನ್ನೆ, ಆಟ ಶುರುವಾಗಲಿ ಎಂದು ಅವರು ಕೂಗುತ್ತಿದ್ದ ಮಾತು. ಅವಳ ಬೆನ್ನು ಒಮ್ಮೆ ನೆಟ್ಟಗಾಯಿತು. ತಿರುಗಿ ನೋಡಲಿಲ್ಲ. ಎದುರಾಳಿಯಿಲ್ಲದ ಆಟ. ಅವಳು ಒಬ್ಬಳೇ ಹೊಡೆಯುತ್ತಿದ್ದಳು, ನಾನು ಅಂಕ ಕೂಗುತ್ತಿದ್ದೆ. ಪ್ರತಿ ಸಲವೂ ಕೊನೆಗೆ ಗೋಡೆಯ ಬುಡಕ್ಕೆ ಮೆತ್ತಗೆ ಇಳಿಸುವ ಆ ಹೊಡೆತ. ಒಂಬತ್ತು ಅಂಕಕ್ಕೆ ಆಟ ಮುಗಿಯಬೇಕು. ಎಂಟಕ್ಕೆ ಅವಳು ಚೆಂಡನ್ನು ಕೈಯಲ್ಲಿ ಹಿಡಿದು ನಿಂತುಬಿಟ್ಟಳು.

“ಸಾಕು. ಮುಗಿಸ್ಬ್ಯಾಡ” ಎಂದಳು.

ಆ ಚೆಂಡನ್ನು ನನ್ನ ಕೈಗಿಟ್ಟು ಹೋದಳು. ಆಮೇಲೆ ನಾನು ಬರೆದ ಎರಡು ಕಾಗದಗಳು, ಇಲ್ಲಿ ಇಂಥವರಿಲ್ಲ ಎಂದು ಬೊಂಬಾಯಿಯಿಂದ ಹಿಂದಕ್ಕೆ ಬಂದವು. ಎಲ್ಲಿಗೆ ಹೋದಳೋ, ಯಾವ ಗೋಡೆಯ ಮುಂದೆ ನಿಂತಿದ್ದಾಳೋ...

ಈಗ ತೀರ್ಥಹಳ್ಳಿಗೂ ಎಸ್‌ಟಿಡಿ ಬರುತ್ತದಂತೆ. ಜನ ಅವರವರೇ ನಂಬರು ತಿರುಗಿಸಿಕೊಳ್ಳುತ್ತಾರೆ. ನಡುವೆ ಕೂತು ಕೇಳಿಸಿಕೊಳ್ಳುವವರು ಬೇಕಾಗಿಲ್ಲ. ಒಳ್ಳೆಯದೇ. ಗಣಪತಿ ಹಬ್ಬದ ಸ್ಟೇಜುಗಳಲ್ಲಿ ನಾನು ಇವತ್ತಿಗೂ ಮಂತ್ರಿಗಳ, ಮೇಷ್ಟರುಗಳ, ನನ್ನ ಮಾವನವರ ಧ್ವನಿ ತೆಗೆದು ಚಪ್ಪಾಳೆ ಗಿಟ್ಟಿಸುತ್ತೇನೆ. ಆ ಸೆಕ್ರೆಟರಿಯ ಧ್ವನಿಯನ್ನು ಮಾತ್ರ ಮತ್ತೆ ತೆಗೆದಿಲ್ಲ. ಮಾರ್ಕರಣ್ಣನ ಧ್ವನಿಯನ್ನು ಸ್ಟೇಜಿಗೆ ಒಯ್ಯುವುದಿಲ್ಲ. ಆದರೆ ಬಿಟ್ಟರೆ ಅದು ತಣ್ಣಗಾಗುತ್ತದೆ, ಆ ಚೆಂಡಿನ ಹಾಗೆ. ಅದಕ್ಕೇ ಒಬ್ಬನೇ ಇದ್ದಾಗ ಆಗಾಗ ಉಜ್ಜಿ ಬೆಚ್ಚಗಿಡುತ್ತೇನೆ. ಅವಳು ಬಂದು ಕೇಳಿದರೆ ಇರಬೇಕಲ್ಲ. ಈಚೆಗೆ ಆ ಕೆಮ್ಮು ಸರಿಯಾಗಿ ಬರುತ್ತಿಲ್ಲ.

ಟೈರು ಸಿದ್ಧವಾಯಿತು. ಎಲ್ಲರೂ ಹತ್ತಿದರು. ಕಿಟಕಿಯ ಪಕ್ಕ ಕೂತವನು, ನನಗೇ ಗೊತ್ತಿಲ್ಲದ ಹಾಗೆ, “ಲವ್ ಆಲ್, ಪ್ಲೇ” ಎಂದಿದ್ದೆ.

“ಎಂತ ಅಂದ್ರಿ?” ಎಂದ ಕಂಡಕ್ಟರು, ತಲೆ ಎಣಿಸುವುದನ್ನು ನಿಲ್ಲಿಸಿ.

“ನಾನಲ್ಲ” ಎಂದೆ. “ನಮ್ಮ ಕಡೆಯವ್ರೊಬ್ರು. ಹೊರಡಿ.”